ಸಂಘದ ಲೈಬ್ರರಿಯ ಪುಸ್ತಕಪಟ್ಟಿ ಕಂಪ್ಯೂಟರಿಗೆ: ಹುಡುಕಿದರೆ ಸಿಗುವಂತೆ ಮಾಡುವ ಕ್ರಮ

ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ಪುಸ್ತಕಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಹೊರಟವರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಏಳೆಂಟುನೂರು ಹೆಸರು ಟೈಪ್ ಆದ ಮೇಲೆ ಕೆಲಸ ನಿಲ್ಲುತ್ತದೆ. ಹೇಗೋ ಪೂರ್ತಿಯಾದರೂ ‘ಬೇಂದ್ರೆ’ ಎಂದು ಹುಡುಕಿದಾಗ ಪಟ್ಟಿ ಮೂರು ಪುಸ್ತಕ ತೋರಿಸುತ್ತದೆ, ಕಪಾಟಿನಲ್ಲಿ ಇಪ್ಪತ್ತು ಇರುತ್ತವೆ. ಆಮೇಲೆ ಎಲ್ಲರೂ ಹಳೆಯ ನೋಟುಪುಸ್ತಕಕ್ಕೇ ಮರಳುತ್ತಾರೆ.

ಟೈಪಿಂಗ್ ಬಾರದ್ದು ಇದಕ್ಕೆ ಕಾರಣವಲ್ಲ. ಪುಸ್ತಕಕ್ಕೆ ನಂಬರು ಬೀಳುವ ಮೊದಲು, ಹೆಸರು ಬರೆಯುವ ರೀತಿ ಗೊತ್ತಾಗುವ ಮೊದಲು ಕೀಲಿಮಣೆಗೆ ಕೈ ಹಾಕಿದ್ದೇ ಕಾರಣ. ಕೆಳಗಿನ ಹಂತಗಳು ಒಂದೂವರೆ ಸಾವಿರದಿಂದ ಐದು ಸಾವಿರ ಪುಸ್ತಕಗಳಿರುವ, ಭಾನುವಾರ ಮಾತ್ರ ಬಾಗಿಲು ತೆರೆಯುವ, ಸಂಬಳದ ಗ್ರಂಥಪಾಲಕರಿಲ್ಲದ ಲೈಬ್ರರಿಗೆ ಹೊಂದುತ್ತವೆ. ಕ್ರಮವನ್ನು ಮಾತ್ರ ಹಿಂದುಮುಂದು ಮಾಡಬೇಡಿ.

ಹಂತ 1: ಎಣಿಕೆ, ಜನ, ಸಾಮಾನು

ಮೊದಲ ದಿನ ಕಂಪ್ಯೂಟರ್ ತೆರೆಯಲೇಬೇಡಿ. ಪ್ರತಿ ಕಪಾಟಿನ ಪ್ರತಿ ಖಾನೆಯಲ್ಲಿ ಎಷ್ಟು ಪುಸ್ತಕ ಇದೆಯೆಂದು ಎಣಿಸಿ ಬರೆದಿಡಿ. ಪುಸ್ತಕವನ್ನು ಬಿಡಿಸಿ ಓದಿ ಹೇಳುವವರೊಬ್ಬರು, ಟೈಪ್ ಮಾಡುವವರೊಬ್ಬರು, ಹೀಗೆ ಒಂದು ಜೋಡಿ ಗಂಟೆಗೆ ಸುಮಾರು 20 ಪುಸ್ತಕ ಮುಗಿಸಬಲ್ಲದು. 3,000 ಪುಸ್ತಕ ಎಂದರೆ 150 ಗಂಟೆ. ಭಾನುವಾರಕ್ಕೆ ಮೂರು ಗಂಟೆಯಂತೆ ಎರಡು ಜೋಡಿ ಕೂತರೆ 25 ಭಾನುವಾರ. ಈ ಲೆಕ್ಕವನ್ನು ಸಮಿತಿಯ ಮುಂದೆ ಇಟ್ಟು ಒಪ್ಪಿಗೆ ಪಡೆಯಿರಿ. ‘ಎರಡು ವಾರದಲ್ಲಿ ಮುಗಿಸಿಬಿಡೋಣ’ ಎಂಬ ಮಾತಿನಿಂದ ಹೊರಟ ಕೆಲಸ ಮೂರನೇ ವಾರಕ್ಕೆ ಸೊರಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಶುರುಮಾಡಬೇಡಿ. ಮುಂಬಯಿಯ ಮಳೆಗಾಲದಲ್ಲಿ ಹಳೆಯ ಕಾಗದ ಮೆತ್ತಗಾಗಿರುತ್ತದೆ, ಲೇಬಲ್ಲಿನ ಅಂಟು ಹಿಡಿಯುವುದಿಲ್ಲ, ಹೊರಗೆ ತೆಗೆದಿಟ್ಟ ಪುಸ್ತಕಕ್ಕೆ ಬೂಷ್ಟು ಬೇಗ ತಗಲುತ್ತದೆ. ದಸರಾ ಮುಗಿದ ಮೇಲೆ ಶುರುಮಾಡಿದರೆ ಮುಂದಿನ ಮಳೆಯೊಳಗೆ ಮುಗಿಯುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದೋ ಎರಡೋ ಲ್ಯಾಪ್‌ಟಾಪ್, ಮೊಬೈಲಿನಿಂದ ಹಂಚಿಕೊಳ್ಳುವ ಇಂಟರ್‌ನೆಟ್, ಮೆತ್ತನೆಯ ಬ್ರಷ್, ಒಣಬಟ್ಟೆ, ಮೂಗು ಮುಚ್ಚುವ ಮಾಸ್ಕ್, ಪೆನ್ಸಿಲ್, ಪುಸ್ತಕದ ಬೆನ್ನಿಗೆ ಅಂಟಿಸುವ ಸ್ಪೈನ್ ಲೇಬಲ್ ಹಾಳೆ, ಕೊಟ್ಟ ನಂಬರುಗಳನ್ನು ಬರೆದಿಡಲು ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕ. ಬಾರ್‌ಕೋಡ್ ಸ್ಕ್ಯಾನರ್ ಈಗ ಬೇಡ. ವಾರಕ್ಕೆ ಮೂವತ್ತು ನಲವತ್ತು ಪುಸ್ತಕ ಓಡಾಡುವ ಲೈಬ್ರರಿಯಲ್ಲಿ ನಂಬರನ್ನು ಕೈಯಲ್ಲಿ ಟೈಪ್ ಮಾಡುವುದೇ ಸಲೀಸು.

ಹಂತ 2: ಪ್ರತಿ ಪುಸ್ತಕಕ್ಕೂ ಒಂದೇ ನಂಬರು

ಒಂದು ಖಾನೆಯ ಪುಸ್ತಕಗಳನ್ನು ಮಾತ್ರ ಮೇಜಿನ ಮೇಲೆ ತನ್ನಿ. ಅದು ಪೂರ್ತಿ ಮುಗಿದು ವಾಪಸ್ ಒಳಗೆ ಹೋದ ಮೇಲೆಯೇ ಮುಂದಿನ ಖಾನೆ. ಇಡೀ ಕಪಾಟು ಖಾಲಿಮಾಡಿ ಹಾಲಿನಲ್ಲಿ ಹರಡಿದರೆ ಸಂಜೆ ಭಜನೆಗೋ ನಾಟಕದ ತಾಲೀಮಿಗೋ ಜಾಗ ಬಿಡಬೇಕಾಗುತ್ತದೆ, ಎಲ್ಲ ಕಲಸಿಹೋಗುತ್ತದೆ.

ಧೂಳು ಹೊಡೆಯಿರಿ. ಬೆಳ್ಳಿಮೀನು ಹುಳ, ಗೆದ್ದಲು, ಕಪ್ಪು ಬೂಷ್ಟು ಕಂಡ ಪುಸ್ತಕವನ್ನು ಬೇರೆ ಡಬ್ಬದಲ್ಲಿಡಿ. ಅದನ್ನು ಮಿಕ್ಕವುಗಳ ಜೊತೆ ಸೇರಿಸಿದರೆ ಹುಳ ಕಪಾಟಿಗೆಲ್ಲ ಹಬ್ಬುತ್ತದೆ.

ಈಗ ನಂಬರು. ಗ್ರಂಥಾಲಯದವರು ಇದನ್ನು ಅಕ್ಸೆಷನ್ ನಂಬರು ಎನ್ನುತ್ತಾರೆ. 1ರಿಂದ ಶುರುಮಾಡಿ, ಸಿಕ್ಕ ಕ್ರಮದಲ್ಲಿ ಕೊಡುತ್ತಾ ಹೋಗಿ. ವಿಷಯ, ಕಪಾಟು, ವರ್ಷ ಯಾವುದನ್ನೂ ನಂಬರಿನೊಳಗೆ ತುರುಕಬೇಡಿ. ‘ಕಾ–3–112’ ಎಂದು ಬರೆದ ಕಾದಂಬರಿ ನಾಳೆ ನಾಲ್ಕನೇ ಕಪಾಟಿಗೆ ಹೋದರೆ ಆ ನಂಬರೇ ಸುಳ್ಳಾಗುತ್ತದೆ. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಎರಡು ನಂಬರು, ಪಟ್ಟಿಯಲ್ಲಿ ಎರಡು ಸಾಲು. ಹಳೆಯ ರಿಜಿಸ್ಟರಿನ ನಂಬರು ಪುಸ್ತಕದ ಮೇಲೆ ಸ್ಪಷ್ಟವಾಗಿದ್ದು, ಒಂದೇ ನಂಬರು ಎರಡು ಪುಸ್ತಕಕ್ಕೆ ಬಿದ್ದಿಲ್ಲವೆಂದು ಖಾತ್ರಿಯಾದರೆ ಅದನ್ನೇ ಉಳಿಸಿಕೊಳ್ಳಿ. ಅನುಮಾನವಿದ್ದರೆ ಹೊಸದಾಗಿ ಕೊಟ್ಟು, ಹಳೆಯದನ್ನು ಬೇರೆ ಕಾಲಮ್ಮಿನಲ್ಲಿ ದಾಖಲಿಸಿ.

ನಂಬರನ್ನು ಮೂರು ಕಡೆ ಹಾಕಬೇಕು: ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ, ಎಲ್ಲ ಪುಸ್ತಕಕ್ಕೂ ಒಂದೇ ಎಂದು ಗೊತ್ತುಮಾಡಿದ ಒಳಪುಟದಲ್ಲಿ (25ನೇ ಪುಟ ಎನ್ನಿ), ಮತ್ತು ಬೆನ್ನಿನ ಲೇಬಲ್ಲಿನಲ್ಲಿ. ಲೇಬಲ್ ಕಿತ್ತುಹೋದರೂ ಮೊದಲ ಹಾಳೆ ಹರಿದರೂ ಒಳಪುಟದ ನಂಬರು ಉಳಿಯುತ್ತದೆ. ಲೇಬಲ್ಲಿನ ಮೇಲೆ ಸೆಲ್ಲೋಟೇಪ್ ಸುತ್ತಬೇಡಿ. ಮುಂಬಯಿಯ ತೇವದಲ್ಲಿ ಅದರ ಅಂಟು ಹಳದಿಯಾಗಿ ಜಿನುಗಿ ಪಕ್ಕದ ಪುಸ್ತಕಕ್ಕೂ ಮೆತ್ತಿಕೊಳ್ಳುತ್ತದೆ.

ಹಂತ 3: ನಿಯಮದ ಹಾಳೆ

ಇಡೀ ಕೆಲಸ ನಿಲ್ಲುವುದು ಬೀಳುವುದು ಇದರ ಮೇಲೆಯೇ. ಅಷ್ಟಿದ್ದೂ ಜನ ಹಾರಿಸಿಬಿಡುವುದು ಇದನ್ನೇ. ಒಂದು ಹಾಳೆಯಲ್ಲಿ ನಿಯಮ ಬರೆದು, ಟೈಪ್ ಮಾಡುವ ಪ್ರತಿಯೊಬ್ಬರ ಮುಂದೆಯೂ ಅಂಟಿಸಿ.

ಲೇಖಕರ ಹೆಸರು. ಒಬ್ಬ ಲೇಖಕರಿಗೆ ಪಟ್ಟಿಯಲ್ಲಿ ಒಂದೇ ರೂಪ ಇರಬೇಕು. ಮುಖಪುಟದಲ್ಲಿ ಏನೇ ಇರಲಿ, ಓದುಗರಿಗೆ ಹೆಚ್ಚು ಪರಿಚಿತವಾದ ರೂಪವನ್ನು ಆರಿಸಿ. ಕುವೆಂಪು ಎಂದಿಟ್ಟರೆ ‘ಕೆ.ವಿ. ಪುಟ್ಟಪ್ಪ’ ಎಂದು ಅಚ್ಚಾದ ಪುಸ್ತಕವೂ ಕುವೆಂಪು ಅಡಿಯಲ್ಲೇ ಬರಬೇಕು. ಮಾಸ್ತಿಯವರ ಪುಸ್ತಕಗಳ ಮೇಲೆ ‘ಶ್ರೀನಿವಾಸ’, ಬೇಂದ್ರೆಯವರ ಕವನಸಂಕಲನಗಳ ಮೇಲೆ ‘ಅಂಬಿಕಾತನಯದತ್ತ’, ಗೋಕಾಕರ ಪುಸ್ತಕಗಳ ಮೇಲೆ ‘ವಿನಾಯಕ’ ಎಂದಿರುತ್ತದೆ. ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಇಂಥ ಕಾವ್ಯನಾಮಗಳಿಗೆ ‘ಇತರ ಹೆಸರು’ ಎಂಬ ಕಾಲಮ್ ಇಡಿ. ಆಗ ಯಾವ ಹೆಸರಿನಿಂದ ಹುಡುಕಿದರೂ ಆ ಸಾಲು ಬರುತ್ತದೆ.

ಇನಿಷಿಯಲ್ಲು ಇನ್ನೊಂದು ಬಲೆ. ‘ದ.ರಾ. ಬೇಂದ್ರೆ’, ‘ದ ರಾ ಬೇಂದ್ರೆ’, ‘ದ. ರಾ. ಬೇಂದ್ರೆ’, ‘ದರಾ ಬೇಂದ್ರೆ’ ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ನಾಲ್ಕು. ಇನಿಷಿಯಲ್ಲುಗಳ ನಡುವೆ ಚುಕ್ಕಿ ಇಟ್ಟು ಜಾಗ ಬಿಡದೆ, ಕೊನೆಯ ಚುಕ್ಕಿಯ ನಂತರ ಮಾತ್ರ ಒಂದು ಜಾಗ ಬಿಡುವುದು ಒಳ್ಳೆಯ ನಿಯಮ. ಡಾ., ಪ್ರೊ., ಶ್ರೀ, ಶ್ರೀಮತಿ ಯಾವುದೂ ಬೇಡ. ಇವನ್ನು ಸೇರಿಸಿದರೆ ಅಕಾರಾದಿ ಜೋಡಿಸಿದಾಗ ಅರ್ಧ ಲೇಖಕರು ‘ಡ’ಕಾರದಡಿ ಗುಂಪುಗೂಡುತ್ತಾರೆ. ಮನೆತನದ ಹೆಸರನ್ನು ಮಾತ್ರ ಬರೆದು ನಿಲ್ಲಿಸಬೇಡಿ. ‘ಕಾಯ್ಕಿಣಿ’ ಎಂದಷ್ಟೇ ಇದ್ದರೆ ಅದು ಗೌರೀಶರೋ ಜಯಂತರೋ ತಿಳಿಯದು.

ಶೀರ್ಷಿಕೆ. ಹೊದಿಕೆಯಿಂದ ನಕಲು ಮಾಡಬೇಡಿ, ಒಳಗಿನ ಶೀರ್ಷಿಕೆ ಪುಟದಿಂದ ಮಾಡಿ. ಕಲಾವಿದರು ಚಂದಕ್ಕಾಗಿ ಹೊದಿಕೆಯಲ್ಲಿ ಪದ ಒಡೆದಿರುತ್ತಾರೆ, ಕೆಲವೊಮ್ಮೆ ಉಪಶೀರ್ಷಿಕೆಯನ್ನೇ ಬಿಟ್ಟಿರುತ್ತಾರೆ. ಮುದ್ರಣದಲ್ಲಿ ಹಳೆಯ ಕಾಗುಣಿತ ಇದ್ದರೆ ಹಾಗೇ ಬರೆಯಿರಿ, ಈಗಿನ ರೂಪವನ್ನು ‘ಇತರ ಹೆಸರು’ ಕಾಲಮ್ಮಿಗೆ ಹಾಕಿ.

ಪ್ರಕಾಶಕರು, ಊರು. ನಮ್ಮ ಊರಿಗೇ ‘ಮುಂಬಯಿ’, ‘ಮುಂಬೈ’, ‘ಮುಂಬಾಯಿ’, ‘ಬೊಂಬಾಯಿ’ ಎಂಬ ರೂಪಗಳಿವೆ. ಒಂದನ್ನು ಗೊತ್ತುಮಾಡಿ. ಧಾರವಾಡದ ಮನೋಹರ ಗ್ರಂಥಮಾಲಾದ ಪುಸ್ತಕಗಳು ನಮ್ಮ ಸಂಘಗಳಲ್ಲಿ ಬಹಳ ಕಡೆ ಇವೆ. ಅವನ್ನು ಒಬ್ಬರು ‘ಗ್ರಂಥಮಾಲೆ’, ಇನ್ನೊಬ್ಬರು ‘ಗ್ರಂಥ ಮಾಲಾ’ ಎಂದು ಬರೆದರೆ ಒಂದೇ ಪ್ರಕಾಶನ ಮೂರಾಗುತ್ತದೆ.

ವರ್ಷ. ಎಲ್ಲ ಅಂಕಿಗಳೂ 1, 2, 3 ಎಂದೇ ಇರಲಿ, ಪುಸ್ತಕದಲ್ಲಿ ಕನ್ನಡ ಅಂಕಿ ಇದ್ದರೂ ಸರಿ. ಹಳೆಯ ಅಚ್ಚಿನಲ್ಲಿ ೬ ಮತ್ತು ೯ ಬೇಗ ಅದಲುಬದಲಾಗುತ್ತವೆ, ಎರಡು ಸಲ ನೋಡಿ. ಶಕೆ ವರ್ಷ ಮಾತ್ರ ಇದ್ದರೆ 78 ಕೂಡಿಸಿ: ಶಕೆ 1875 ಎಂದರೆ 1953. ವರ್ಷವೇ ಇಲ್ಲದಿದ್ದರೆ ಖಾಲಿ ಬಿಡಿ. ಊಹಿಸಿ ಬರೆದ ವರ್ಷವನ್ನು ಮುಂದೆ ಯಾರೂ ಪ್ರಶ್ನಿಸುವುದಿಲ್ಲ, ತಪ್ಪು ಹಾಗೇ ಗಟ್ಟಿಯಾಗುತ್ತದೆ.

ರೋಮನ್ ರೂಪ. ಕರ್ನಾಟಕದ ಊರುಗಳ ಲೈಬ್ರರಿಗಳು ಇದನ್ನು ಬಿಟ್ಟರೂ ನಡೆದೀತು, ಮುಂಬಯಿಯಲ್ಲಿ ಬಿಡಲಾಗದು. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ದೇವನಾಗರಿ ಮತ್ತು ಇಂಗ್ಲಿಷ್ ಅಕ್ಷರ. ಅಜ್ಜಿಗೆ ಪುಸ್ತಕ ಒಯ್ಯಲು ಬರುವವರೂ ಅವರೇ. ಶೀರ್ಷಿಕೆಗೂ ಲೇಖಕರಿಗೂ ರೋಮನ್ ಅಕ್ಷರದ ಒಂದೊಂದು ಕಾಲಮ್ ಇಡಿ. ಗೆರೆ ಚುಕ್ಕಿಗಳ ಶಾಸ್ತ್ರೀಯ ಲಿಪ್ಯಂತರ ಬೇಡ, ಸಾಮಾನ್ಯ ಜನ ಮೊಬೈಲಿನಲ್ಲಿ ಬರೆಯುವಂತೆ ಬರೆಯಿರಿ. ದೇವನಾಗರಿಗೆ ಈಗ ಕಾಲಮ್ ಬೇಡ. ಕನ್ನಡದಿಂದ ದೇವನಾಗರಿಗೆ ಸಾಫ್ಟ್‌ವೇರ್ ಒಂದೇ ಸಲಕ್ಕೆ ಬದಲಿಸಿ ಕೊಡುತ್ತದೆ, ಓದುವಂಥ ರೋಮನ್ ರೂಪವನ್ನು ಮನುಷ್ಯರೇ ಬರೆಯಬೇಕು.

ಹಂತ 4: ಖಾತೆ ಸಂಘದ್ದು, ಹಾಳೆ ಒಂದೇ

ಇಂಟರ್‌ನೆಟ್ಟಿನಲ್ಲೇ ತೆರೆದು ಹಂಚಿಕೊಳ್ಳಬಲ್ಲ ಕೋಷ್ಟಕದ ಹಾಳೆಯಾದ ಗೂಗಲ್ ಶೀಟ್ಸ್ ಸಾಕು. ಆದರೆ ಅದನ್ನು ಕಾರ್ಯದರ್ಶಿಯ ಸ್ವಂತ ಜಿಮೇಲಿನಲ್ಲಿ ತೆರೆಯಬೇಡಿ. ವಾರ್ಷಿಕ ಮಹಾಸಭೆಯಲ್ಲಿ ಸಮಿತಿ ಬದಲಾದ ಮೇಲೆ ಹಳಬರು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ನೆಲೆಸುತ್ತಾರೆ, ಪಾಸ್‌ವರ್ಡ್ ಅವರೊಡನೆ ಹೋಗುತ್ತದೆ. ಸಂಘದ ಹೆಸರಿನಲ್ಲೇ ಖಾತೆ ತೆರೆಯಿರಿ. ಮರುಪಡೆಯುವ ಫೋನ್ ನಂಬರು ಈಗಿನ ಪದಾಧಿಕಾರಿಯದ್ದಾಗಿರಲಿ, ಮರುಪಡೆಯುವ ಇಮೇಲ್ ಇನ್ನೊಬ್ಬ ಪದಾಧಿಕಾರಿಯದ್ದಾಗಿರಲಿ. ಪಾಸ್‌ವರ್ಡನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಸಂಘದ ಕಾಗದಪತ್ರಗಳ ಜೊತೆ ಇಡಿ. ಅಧಿಕಾರ ಹಸ್ತಾಂತರದ ದಿನ ಫೋನ್ ನಂಬರು ಬದಲಿಸುವುದನ್ನೂ ಕಾರ್ಯಸೂಚಿಗೆ ಸೇರಿಸಿ.

ಕಾಲಮ್ಮುಗಳು ಈ ಕ್ರಮದಲ್ಲಿರಲಿ: ಅಕ್ಸೆಷನ್ ನಂಬರು, ಹಳೆಯ ನಂಬರು, ಶೀರ್ಷಿಕೆ, ಉಪಶೀರ್ಷಿಕೆ, ಲೇಖಕ, ಅನುವಾದಕ ಅಥವಾ ಸಂಪಾದಕ, ಇತರ ಹೆಸರು, ಶೀರ್ಷಿಕೆ ರೋಮನ್, ಲೇಖಕ ರೋಮನ್, ಪ್ರಕಾರ, ಪ್ರಕಾಶಕ, ಊರು, ವರ್ಷ, ಪುಟ, ಐಎಸ್‌ಬಿಎನ್ (ಪುಸ್ತಕದಲ್ಲಿ ಅಚ್ಚಾಗಿರುವ ಅಂತರರಾಷ್ಟ್ರೀಯ ಪುಸ್ತಕಸಂಖ್ಯೆ), ಕಪಾಟು, ಸ್ಥಿತಿ. ಹಾಳೆಯ ಒಂದು ಖಾನೆಯಲ್ಲಿ ಒಂದೇ ಸಂಗತಿ ಇರಬೇಕು. ಲೇಖಕ ಮತ್ತು ಅನುವಾದಕರನ್ನು ‘ಮೂಲ: ಇವರು, ಅನು: ಅವರು’ ಎಂದು ಒಟ್ಟಿಗೆ ಬರೆದರೆ ಮುಂದೆ ಬಿಡಿಸಲು ಇಡೀ ಪಟ್ಟಿಯನ್ನು ಕೈಯಿಂದ ತಿದ್ದಬೇಕು. ಮರಾಠಿಯಿಂದ ಬಂದ ಅನುವಾದಗಳು ನಮ್ಮಲ್ಲಿ ಬಹಳ, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಟೈಪ್ ಮಾಡುವ ಮೊದಲೇ ನಂಬರು ಮತ್ತು ಐಎಸ್‌ಬಿಎನ್ ಕಾಲಮ್ಮುಗಳನ್ನು ಆರಿಸಿ, ಫಾರ್ಮ್ಯಾಟನ್ನು ‘ಪ್ಲೇನ್ ಟೆಕ್ಸ್ಟ್’ ಎಂದು ಮಾಡಿ. ಹಾಗೆ ಮಾಡದಿದ್ದರೆ 0045 ಎಂಬುದು 45 ಆಗುತ್ತದೆ, ಎಕ್ಸೆಲ್ಲಿನಲ್ಲಿ 13 ಅಂಕಿಯ ಐಎಸ್‌ಬಿಎನ್ ಕುಗ್ಗಿ 9.78 ಎಂದೇನೋ ಕಾಣುತ್ತದೆ. ಹಾಗೇ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸುವ ಸಾದಾ ಫೈಲು) ಆಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದಂತೆಯೇ. ಭಾರತದ ಪುಸ್ತಕಗಳ ಐಎಸ್‌ಬಿಎನ್ 978ರ ನಂತರ 81 ಅಥವಾ 93ರಿಂದ ಶುರುವಾಗುತ್ತದೆ. 2007ಕ್ಕಿಂತ ಹಿಂದಿನವುಗಳಲ್ಲಿ 10 ಅಂಕಿಯೇ ಇರುತ್ತದೆ, ಇನ್ನೂ ಹಳೆಯವಕ್ಕೆ ಇರುವುದೇ ಇಲ್ಲ.

‘ಪ್ರಕಾರ’ ಕಾಲಮ್ಮಿಗೆ ಡ್ರಾಪ್‌ಡೌನ್ (ಟೈಪ್ ಮಾಡದೆ ಆರಿಸಿಕೊಳ್ಳುವ ಪಟ್ಟಿ) ಹಾಕಿ: ಕಾದಂಬರಿ, ಸಣ್ಣಕತೆ, ಕವಿತೆ, ನಾಟಕ, ಪ್ರಬಂಧ, ವಿಮರ್ಶೆ, ಆತ್ಮಕಥೆ–ಜೀವನಚರಿತ್ರೆ, ಯಕ್ಷಗಾನ–ಜಾನಪದ, ಧರ್ಮ–ತತ್ತ್ವ, ಮಕ್ಕಳ ಪುಸ್ತಕ, ಇತರೆ. ಇಷ್ಟರಿಂದ ಸಂಘದ ಲೈಬ್ರರಿ ನಡೆಯುತ್ತದೆ. ಗ್ರಂಥಾಲಯಗಳಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿ ಬೇಕೆನ್ನುವವರಿಗೆ ಕನ್ನಡ ಸಾಹಿತ್ಯ 894.814, ಅದರಲ್ಲಿ ಕಾವ್ಯ 894.8141, ನಾಟಕ 894.8142, ಕಥೆ–ಕಾದಂಬರಿ 894.8143, ಪ್ರಬಂಧ 894.8144. ಕಪಾಟಿನ ಮುಕ್ಕಾಲು ಭಾಗ 894.8143 ಎಂಬ ಒಂದೇ ನಂಬರಿನ ಅಡಿ ಬರುತ್ತದೆಯಾದ್ದರಿಂದ ಬೆನ್ನಿನ ಲೇಬಲ್ಲಿನಲ್ಲಿ ಲೇಖಕರ ಹೆಸರಿನ ಮೊದಲ ಮೂರು ಅಕ್ಷರ ಇಲ್ಲದೆ ಆ ಸಂಖ್ಯೆಯಿಂದ ಓದುಗರಿಗೆ ಉಪಯೋಗವಿಲ್ಲ.

ಹಂತ 5: ಅಕ್ಷರ ಟೈಪ್ ಮಾಡುವಾಗ

ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರಸಂಕೇತ, ಅದನ್ನು ಮಾತ್ರ ಬಳಸಿ. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಭಾಷೆ ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಲಿಮಣೆ ಎರಡೂ ಸಿಗುತ್ತವೆ, ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಿಸಬಹುದು. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ ಕೈ ಒಗ್ಗಿದವರು ಅವುಗಳಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಲಿ. ಯಾವ ಕೀಲಿಮಣೆಯಾದರೂ ಸರಿ, ಹಾಳೆಗೆ ಬೀಳುವ ಅಕ್ಷರ ಯೂನಿಕೋಡ್ ಆಗಿರಬೇಕು.

ಕಣ್ಣಿಗೆ ಸರಿಯಾಗಿ ಕಂಡರೂ ಹುಡುಕಾಟ ತಪ್ಪಿಸುವ ನಾಲ್ಕು ದೋಷಗಳಿವೆ.

ಮೊದಲನೆಯದು ಸೊನ್ನೆ. ‘ಸಂಘ’ ಮತ್ತು ‘ಸ೦ಘ’ ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಮೂರನೇ ಹಂತದಲ್ಲಿ ಅಂಕಿಗಳೆಲ್ಲ 1, 2, 3 ರೂಪದಲ್ಲೇ ಇರಲಿ ಎಂದದ್ದಕ್ಕೆ ಇದೂ ಒಂದು ಕಾರಣ: ಆಗ ಪಟ್ಟಿಯಲ್ಲಿ ಎಲ್ಲೇ ಕನ್ನಡ ಸೊನ್ನೆ ಕಂಡರೂ ಅದು ತಪ್ಪೇ, ‘ಫೈಂಡ್ ಅಂಡ್ ರಿಪ್ಲೇಸ್’ನಿಂದ ಕಣ್ಣುಮುಚ್ಚಿ ಎಲ್ಲವನ್ನೂ ಅನುಸ್ವಾರಕ್ಕೆ ಬದಲಿಸಬಹುದು.

ಎರಡನೆಯದು ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಾಗದಂತೆ ತಡೆಯಲು ನಡುವೆ ಅಗಲವಿಲ್ಲದ ಒಂದು ಗುರುತು ಬೀಳುತ್ತದೆ. ‘ರ‍್ಯಾಂಕ್’ ಎಂಬಲ್ಲಿಯೂ ಅಂಥದೇ ಇನ್ನೊಂದು ಇದೆ. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಒಂದೇ ಹೆಸರು ಎರಡಾಗುತ್ತದೆ. ಓದಲು ಅದು ಬೇಕು, ಹುಡುಕಲು ಬೇಡ. ಹುಡುಕಾಟಕ್ಕೆಂದೇ ಇನ್ನೊಂದು ಕಾಲಮ್ ಮಾಡಿ, ಅದರಲ್ಲಿ ಶೀರ್ಷಿಕೆ, ಲೇಖಕ, ಇತರ ಹೆಸರು ಎಲ್ಲ ಸೇರಿಸಿ, ಸಬ್‌ಸ್ಟಿಟ್ಯೂಟ್ (SUBSTITUTE) ಸೂತ್ರದಿಂದ ಈ ಎರಡು ಗುರುತುಗಳನ್ನು ತೆಗೆದುಹಾಕಿ. ಯೂನಿಕ್ಯಾರ್ (UNICHAR) ಸೂತ್ರದಲ್ಲಿ ಅವುಗಳ ಸಂಖ್ಯೆ 8204 ಮತ್ತು 8205. ಹುಡುಕುವವರೂ ಈ ಗುರುತಿಲ್ಲದ ತುಣುಕನ್ನೇ ಟೈಪ್ ಮಾಡಲಿ: ‘ಕುಮಾರ್’ ಸಾಕು.

ಮೂರನೆಯದು ಒಡೆದ ಸ್ವರಚಿಹ್ನೆ. ‘ಕೋ’ ಎಂಬುದು ಕ ಮತ್ತು ಓತ್ವ, ಎರಡೇ ಸಂಕೇತ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಕೆಲವು ಹಳೆಯ ಪರಿವರ್ತಕಗಳು ಅದನ್ನು ಎತ್ವ, ಕೊಂಬು, ದೀರ್ಘ ಎಂದು ಬಿಡಿಬಿಡಿಯಾಗಿ ಹಾಕುತ್ತವೆ. ಅನುಮಾನ ಬಂದರೆ ಸಂಕೇತಗಳನ್ನು ಎಣಿಸುವ ಲೆನ್ (LEN) ಸೂತ್ರ ಹಾಕಿ ನೋಡಿ: ‘ಕೋ’ಗೆ 2 ಬಂದರೆ ಸರಿ, 4 ಬಂದರೆ ಒಡೆದಿದೆ.

ನಾಲ್ಕನೆಯದು ಹೆಚ್ಚುವರಿ ಜಾಗ. ಹೆಸರಿನ ಕೊನೆಯಲ್ಲೋ ನಡುವೆಯೋ ಬಿದ್ದ ಎರಡನೇ ಸ್ಪೇಸ್. ಟ್ರಿಮ್ (TRIM) ಸೂತ್ರ ಇದನ್ನು ತೆಗೆಯುತ್ತದೆ.

ಮೊಬೈಲಿನಲ್ಲಿ ಧ್ವನಿಯಿಂದ ಟೈಪ್ ಮಾಡಿಸುವುದು ಶೀರ್ಷಿಕೆಗೆ ಪರವಾಗಿಲ್ಲ, ಲೇಖಕರ ಹೆಸರಿಗೆ ನೆಚ್ಚಬೇಡಿ. ಗೂಗಲ್ ಲೆನ್ಸ್‌ನಿಂದ ಶೀರ್ಷಿಕೆ ಪುಟದ ಅಕ್ಷರ ಎತ್ತಿಕೊಳ್ಳಬಹುದು. ಆದರೆ ಅಚ್ಚುಮೊಳೆಯ ಕಾಲದ ಪುಸ್ತಕದಲ್ಲಿ ದ–ಧ, ಪ–ಫ ಇವುಗಳ ನಡುವಿನ ಸಣ್ಣ ಸೀಳು ಮಸಿಯಲ್ಲಿ ಮುಚ್ಚಿಹೋಗಿರುತ್ತದೆ, ಯಂತ್ರ ಅಲ್ಲಿ ಮೋಸಹೋಗುತ್ತದೆ. ಎತ್ತಿಕೊಂಡದ್ದನ್ನು ಪುಸ್ತಕದೊಡನೆ ಹೋಲಿಸಿ.

ಹಂತ 6: ಹಳೆಯ ನುಡಿ, ಬರಹ ಪಟ್ಟಿ ಇದ್ದರೆ

ಹತ್ತು ಹದಿನೈದು ವರ್ಷದ ಹಿಂದೆ ಯಾರೋ ಶ್ರಮಪಟ್ಟು ಮಾಡಿದ ವರ್ಡ್ ಅಥವಾ ಎಕ್ಸೆಲ್ ಫೈಲು ಇದ್ದೀತು. ಅದನ್ನು ಎಸೆಯಬೇಡಿ. ಅದರಿಂದ ಒಂದು ಸಾಲನ್ನು ವಾಟ್ಸ್ಯಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವೇ ಕಂಡರೆ ಯೂನಿಕೋಡ್. ಇಂಗ್ಲಿಷ್ ಅಕ್ಷರ, ಬಾಣ, ಚುಕ್ಕೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ಆಸ್ಕಿ ಫಾಂಟಿನದು. ಅಲ್ಲಿ ನಿಜವಾಗಿ ಕನ್ನಡ ಅಕ್ಷರ ಇಲ್ಲ, ಕನ್ನಡದ ಚಿತ್ರ ತೊಟ್ಟ ಇಂಗ್ಲಿಷ್ ಸಂಕೇತಗಳಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಓದಲೂ ಬಾರದು, ಹುಡುಕಲೂ ಬಾರದು.

ಮೊದಲು ಮೂಲ ಫೈಲಿನ ಪ್ರತಿ ತೆಗೆದಿಡಿ. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕ ಇದೆ. ಫಾಂಟಿನ ಹೆಸರು ನೋಡಿ ಸರಿಯಾದುದನ್ನು ಆರಿಸಿ. ನುಡಿಯ ಪಠ್ಯಕ್ಕೆ ಬರಹದ ಕೋಷ್ಟಕ ಹಾಕಿದರೆ ಅರ್ಧ ಸರಿ, ಅರ್ಧ ಕೆಟ್ಟ ಫಲಿತಾಂಶ ಬರುತ್ತದೆ, ಮತ್ತು ಆ ಅರ್ಧ ಸರಿಯೇ ನಮ್ಮನ್ನು ಮೋಸಗೊಳಿಸುತ್ತದೆ. ಪೂರ್ತಿ ಪಟ್ಟಿಯನ್ನು ಕಳಿಸುವ ಮೊದಲು ಐದು ಪದ ಪರೀಕ್ಷಿಸಿ: ಕರ್ನಾಟಕ, ಸ್ವಾತಂತ್ರ್ಯ, ಶೀರ್ಷಿಕೆ, ಜ್ಞಾನ, ದ್ವೈತ. ಅರ್ಕಾವೊತ್ತು ಆಸ್ಕಿ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲೇ. ಇನ್ನೊಂದು ಎಚ್ಚರ: ಫೈಲಿನಲ್ಲಿರುವ ನಿಜವಾದ ಇಂಗ್ಲಿಷ್ ಪದಗಳು ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗುತ್ತವೆ, ಅಂಕಿಗಳೂ ಬದಲಾಗಬಹುದು. ಆ ಕಾಲಮ್ಮುಗಳನ್ನು ಬೇರೆ ತೆಗೆದಿಟ್ಟು ಕನ್ನಡದ ಕಾಲಮ್ಮುಗಳನ್ನಷ್ಟೇ ಕಳಿಸಿ.

ಬದಲಾದ ಪಟ್ಟಿ ಸಹಾಯಕ್ಕೆ ಮಾತ್ರ. ಕಪಾಟಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಆ ಸಾಲು ಹೊಸ ಹಾಳೆಗೆ ಬರಲಿ.

ಹಂತ 7: ಐವತ್ತಾದಾಗ ನಿಲ್ಲಿಸಿ

ಮೊದಲ 50 ಪುಸ್ತಕ ಮುಗಿದ ಕೂಡಲೇ ನಿಲ್ಲಿಸಿ ಪರೀಕ್ಷಿಸಿ. ಲೇಖಕರ ಕಾಲಮ್ಮನ್ನು ಅಕಾರಾದಿ ಜೋಡಿಸಿ ಮೇಲಿನಿಂದ ಕೆಳಗೆ ಓದಿ. ಒಂದೇ ಹೆಸರು ಸ್ವಲ್ಪ ಬೇರೆಯಾಗಿ ಎರಡು ಕಡೆ ಕಂಡರೆ ನಿಯಮದ ಹಾಳೆಯಲ್ಲೇ ಎಲ್ಲೋ ಬಿಟ್ಟುಹೋಗಿದೆ ಎಂದರ್ಥ. ಟೈಪ್ ಮಾಡಿದವರನ್ನು ದೂರುವ ಬದಲು ಹಾಳೆಯನ್ನು ತಿದ್ದಿ. ಆಮೇಲೆ ಪಟ್ಟಿ ಮಾಡದ ಒಬ್ಬರನ್ನು ಕರೆದು, ಕಪಾಟಿನಿಂದ ಹತ್ತು ಪುಸ್ತಕ ಕೈಗೆ ಕೊಟ್ಟು ಪಟ್ಟಿಯಲ್ಲಿ ಹುಡುಕಲು ಹೇಳಿ. ಮತ್ತೆ ಪಟ್ಟಿಯಿಂದ ಹತ್ತು ಸಾಲು ಕೊಟ್ಟು ಕಪಾಟಿನಲ್ಲಿ ಹುಡುಕಲು ಹೇಳಿ. ಎರಡೂ ದಿಕ್ಕಿನಲ್ಲಿ ಹತ್ತಕ್ಕೆ ಹತ್ತು ಸಿಗಬೇಕು. ಸಿಗದಿದ್ದರೆ 51ನೇ ಪುಸ್ತಕ ಮುಟ್ಟಬೇಡಿ. 50 ಸಾಲು ತಿದ್ದಲು ಅರ್ಧ ಗಂಟೆ ಸಾಕು, 2,000 ಸಾಲು ತಿದ್ದಲು ಯಾರೂ ಬರುವುದಿಲ್ಲ.

ಇದಾದ ಮೇಲೆ ಪ್ರತಿ ಭಾನುವಾರ ಎದ್ದೇಳುವ ಮೊದಲು ಹತ್ತು ನಿಮಿಷ: ಆ ದಿನದ ಕೊನೆಯ ನಂಬರು, ಹಾಳೆಯ ಕೊನೆಯ ಸಾಲು, ದಾಖಲೆ ಪುಸ್ತಕದ ಕೊನೆಯ ಗೆರೆ, ಮೂರೂ ಒಂದೇ ಇವೆಯೇ ನೋಡಿ. ಒಂದು ನಂಬರು ಜಾರಿದರೆ ಮುಂದಿನ ಎಲ್ಲ ಪುಸ್ತಕಗಳ ಲೇಬಲ್ಲೂ ತಪ್ಪಾಗುತ್ತದೆ.

ಹಂತ 8: ಪ್ರತಿ ಉಳಿಸುವುದು, ಕೋಹಾ ವಿಚಾರ

ತಿಂಗಳಿಗೊಮ್ಮೆ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ಇಳಿಸಿ, ದಿನಾಂಕ ಹಾಕಿ ಪೆನ್‌ಡ್ರೈವಿನಲ್ಲಿಡಿ. ಎಕ್ಸೆಲ್ಲಿನಿಂದ ಸಿಎಸ್‌ವಿ ಮಾಡಬೇಕಾದರೆ ‘ಸಿಎಸ್‌ವಿ ಯುಟಿಎಫ್–8’ ಎಂಬುದನ್ನೇ ಆರಿಸಿ. ಸಾದಾ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಫೈಲಿನಿಂದ ಅಕ್ಷರ ಮರಳಿ ಬರುವುದಿಲ್ಲ. ತೆರೆಯುವಾಗ ಯುರೋಪಿನ ವಿಚಿತ್ರ ಅಕ್ಷರಗಳು ಕಂಡರೆ ಗಾಬರಿ ಬೇಡ, ಸೇವ್ ಮಾತ್ರ ಮಾಡಬೇಡಿ. ಮುಚ್ಚಿ, ಡೇಟಾ ಮೆನುವಿನಿಂದ ಫೈಲನ್ನು ಒಳತಂದು ಎನ್‌ಕೋಡಿಂಗ್ 65001 (ಯುಟಿಎಫ್–8) ಆರಿಸಿದರೆ ಕನ್ನಡ ಬರುತ್ತದೆ.

ಕೋಹಾ ಬೇಕೇ ಎಂಬ ಪ್ರಶ್ನೆ ಪ್ರತಿ ಸಮಿತಿಯಲ್ಲೂ ಏಳುತ್ತದೆ. ಅದು ಗ್ರಂಥಾಲಯ ನಡೆಸಲೆಂದೇ ಇರುವ ಉಚಿತ, ಮುಕ್ತ, ಒಳ್ಳೆಯ ತಂತ್ರಾಂಶ. ಆದರೆ ಲೈನಕ್ಸ್ ಸರ್ವರ್ ನೋಡಿಕೊಳ್ಳುವವರು ಬೇಕು. ಆ ಕೆಲಸ ಬಲ್ಲ ಇಬ್ಬರು ನಿಮ್ಮ ಸದಸ್ಯರಲ್ಲಿ ಇಲ್ಲದಿದ್ದರೆ ಹಾಳೆಯಲ್ಲೇ ಇರಿ. ಒಬ್ಬರನ್ನೇ ನೆಚ್ಚಿ ಹಾಕಿದ ಕೋಹಾ ಅವರಿಗೆ ವರ್ಗವಾದ ತಿಂಗಳು ನಿಲ್ಲುತ್ತದೆ. ಹಾಕುವುದಾದರೆ ಇನ್‌ಸ್ಟಾಲ್ ಮಾಡುವಾಗಲೇ ಅದರೊಳಗಿನ ಹುಡುಕಾಟದ ಭಾಗವಾದ ಜೀಬ್ರಾದಲ್ಲಿ ಯೂನಿಕೋಡಿಗೆ ಹೊಂದುವ ಐಸಿಯು ಇಂಡೆಕ್ಸಿಂಗ್ ಆರಿಸಿ, ಅದಿಲ್ಲದೆ ಕನ್ನಡದ ಹುಡುಕಾಟ ಕೈಕೊಡುತ್ತದೆ. ನಿಮ್ಮ ಹಾಳೆಯನ್ನು ಮಾರ್ಕ್‌ಎಡಿಟ್ ಎಂಬ ತಂತ್ರಾಂಶದಿಂದ ಮಾರ್ಕ್ ರೂಪಕ್ಕೆ, ಅಂದರೆ ಪ್ರತಿ ವಿವರಕ್ಕೂ ಒಂದು ಸಂಖ್ಯೆಯಿರುವ ಗ್ರಂಥಾಲಯಗಳ ದಾಖಲೆ ರೂಪಕ್ಕೆ, ತರಬಹುದು: ಲೇಖಕ 100, ಶೀರ್ಷಿಕೆ 245, ಅನುವಾದಕ 700, ಪ್ರಕಾಶನ 260, ಐಎಸ್‌ಬಿಎನ್ 020, ಡ್ಯೂಯಿ 082, ಪ್ರತಿಯ ವಿವರ 952. ಒಂದು ಖಾನೆಗೆ ಒಂದೇ ಸಂಗತಿ ಎಂಬ ನಿಯಮ ಪಾಲಿಸಿದ್ದರೆ ಈ ಕೆಲಸ ಒಂದು ಮಧ್ಯಾಹ್ನದ್ದು.

ಹಂತ 9: ಓದುಗರ ಕೈಗೆ

ಹಾಳೆಯ ಕೊಂಡಿಯನ್ನು ‘ವ್ಯೂವರ್’ (ನೋಡುವ) ಹಕ್ಕಿನಲ್ಲಿ ಮಾತ್ರ ಹಂಚಿ. ‘ಎಡಿಟರ್’ ಆಗಿ ವಾಟ್ಸ್ಯಾಪ್ ಗುಂಪಿಗೆ ಹೋದರೆ ಯಾರದೋ ಬೆರಳು ತಾಗಿ ಸಾಲು ಅಳಿಯುತ್ತದೆ. ಹಾಗಾದರೆ ವರ್ಷನ್ ಹಿಸ್ಟರಿಯಿಂದ ಹಿಂದಿನ ರೂಪ ತರಬಹುದು. ಸದಸ್ಯರ ಹೆಸರು, ಫೋನ್, ಯಾರು ಯಾವ ಪುಸ್ತಕ ಒಯ್ದರು ಎಂಬುದೆಲ್ಲ ಇನ್ನೊಂದು ಫೈಲಿನಲ್ಲಿರಲಿ. ಅದೇ ಫೈಲಿನ ಬೇರೆ ಹಾಳೆಯೂ ಬೇಡ, ಬೇರೆಯದೇ ಫೈಲು.

ಕೊಂಡಿ ಕಳಿಸಿದ ಮಾತ್ರಕ್ಕೆ ಹಿರಿಯ ಸದಸ್ಯರು ಹುಡುಕಲು ಕಲಿಯುವುದಿಲ್ಲ. ಆರಾರು ಜನರನ್ನು ಕೂರಿಸಿ 45 ನಿಮಿಷದ ಪಾಠ ಮಾಡಿ, ಅವರವರ ಫೋನಿನಲ್ಲೇ. ಮೂರೇ ಕೆಲಸ: ಫೋನಿನ ಕೀಲಿಮಣೆಯಾದ ಜಿಬೋರ್ಡಿನ ಸೆಟ್ಟಿಂಗಿನಲ್ಲಿ ಭಾಷೆಗಳಿಗೆ ಹೋಗಿ ಕನ್ನಡ ಸೇರಿಸುವುದು, ಕೊಂಡಿಯನ್ನು ಫೋನಿನ ಮುಖಪರದೆಗೆ ಇಟ್ಟುಕೊಳ್ಳುವುದು, ಒಂದು ಪುಸ್ತಕ ಹುಡುಕಿ ಅದರ ನಂಬರು ಮತ್ತು ಕಪಾಟು ಓದಿ ಹೇಳುವುದು. ಫೋನನ್ನು ಅವರ ಕೈಯಿಂದ ತೆಗೆದುಕೊಂಡು ನೀವೇ ಮಾಡಿಕೊಡಬೇಡಿ. ಅವರು ನಿಧಾನವಾಗಿ ಒತ್ತಲಿ, ನೀವು ಬಾಯಲ್ಲಿ ಹೇಳಿ. ಚಿಕ್ಕ ಅಕ್ಷರ ಕಾಣದವರಿಗೆ ಮೊದಲು ಫೋನಿನ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಡಿ, ಪಾಠ ಆಮೇಲೆ.

ಮಕ್ಕಳಿಗೆ ಇನ್ನೊಂದು ಬಗೆಯ ತೊಡಕು. ಮರಾಠಿ ಬರವಣಿಗೆಯಲ್ಲಿ ಎ–ಏ, ಒ–ಓ ಭೇದವಿಲ್ಲ. ಅದರಲ್ಲಿ ಪಳಗಿದ ಕೈ ‘ಬೇಂದ್ರೆ’ಯನ್ನು ‘ಬೆಂದ್ರೆ’ ಎಂದು ಬರೆಯುತ್ತದೆ, ಪಟ್ಟಿ ಏನೂ ಇಲ್ಲ ಎನ್ನುತ್ತದೆ. ಪೂರ್ತಿ ಹೆಸರು ಬೇಡ, ಅನುಮಾನವಿಲ್ಲದ ಎರಡು ಮೂರು ಅಕ್ಷರ ಸಾಕು, ಸಿಗದಿದ್ದರೆ ರೋಮನ್‌ನಲ್ಲಿ ಹುಡುಕು ಎಂದು ಹೇಳಿಕೊಡಿ.

ಪಟ್ಟಿ ಸಿದ್ಧವಾದೊಡನೆ ‘ಪುಸ್ತಕಗಳನ್ನೇ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕೋಣ’ ಎಂಬ ಸಲಹೆ ಬರುತ್ತದೆ. ಒಪ್ಪಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಬರಹ 2007ರಿಂದ ಎಲ್ಲರದು. 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದು 2054 ಮುಗಿಯುವವರೆಗೆ ಹಾಗಲ್ಲ. ಬದುಕಿರುವ ಮುಂಬಯಿ ಲೇಖಕರ ಪುಸ್ತಕವನ್ನು ಅವರದೇ ಸಂಘ ಪಿಡಿಎಫ್ ಮಾಡಿ ಹಂಚುವುದು ಅವರಿಗೆ ಮಾಡುವ ಅನ್ಯಾಯ.

ಹಂತ 10: ಪಟ್ಟಿ ಹಳತಾಗದಂತೆ

ಹೊಸ ಪುಸ್ತಕ ಬಂದರೆ ನಂಬರು ಬಿದ್ದು ಹಾಳೆಗೆ ಏರಿದ ಮೇಲೆಯೇ ಕಪಾಟಿಗೆ ಹೋಗಲಿ, ಬಿಡುಗಡೆ ಸಮಾರಂಭದಲ್ಲಿ ಲೇಖಕರು ಕೊಟ್ಟ ಗೌರವಪ್ರತಿಯಾದರೂ ಅಷ್ಟೇ. ಕಪಾಟಿನ ಜಾಗ ಬದಲಿಸಿದವರು ಆ ದಿನವೇ ‘ಕಪಾಟು’ ಕಾಲಮ್ಮನ್ನೂ ಬದಲಿಸಬೇಕು.

ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮುಂಚೆ ಮೇ ತಿಂಗಳಲ್ಲಿ, ಪಟ್ಟಿ ಹಿಡಿದು ಕಪಾಟು ಎಣಿಸಿ. ಇಲ್ಲದ ಪುಸ್ತಕದ ಸಾಲನ್ನು ಅಳಿಸಬೇಡಿ. ‘ಸ್ಥಿತಿ’ಯಲ್ಲಿ ‘ಸಿಕ್ಕಿಲ್ಲ’ ಎಂದು ಬರೆದು ದಿನಾಂಕ ಹಾಕಿ. ಎರಡು ವರ್ಷ ಸತತ ಸಿಗದಿದ್ದರೆ ‘ಕಳೆದಿದೆ’ ಎಂದು ಬದಲಿಸಿ, ಆ ನಂಬರನ್ನು ಬೇರೆ ಪುಸ್ತಕಕ್ಕೆ ಎಂದೂ ಕೊಡಬೇಡಿ. ಒಯ್ದವರ ಮನೆಯ ಮಾಳಿಗೆಯಿಂದ ಅದು ಹತ್ತು ವರ್ಷದ ನಂತರ ವಾಪಸ್ ಬಂದಾಗ 25ನೇ ಪುಟ ತೆರೆದು ನೋಡಿದರೆ ಅದರ ಸಾಲು ಹಾಳೆಯಲ್ಲಿ ಕಾದಿರಬೇಕು.